ಕುಮಟೆಗೆ ವೀಳ್ಯ ಹೋಗಿರಲಿಲ್ಲ

ನನ್ನ ಅಣ್ಣನನ್ನು ಊರವರು ಮಳ್ಳ ಎನ್ನುತ್ತಿದ್ದರು. ಬೈಗುಳವಾಗಿ ಅಲ್ಲ, ಕುಂಟನನ್ನು ಕುಂಟ ಎಂದು ಕರೆಯುವ ಹಾಗೆ, ಅದೇ ಅವನ ಗುರುತು ಎಂಬಂತೆ. ನನಗಿಂತ ಮೂರು ವರ್ಷ ದೊಡ್ಡವನು. ಮೈ ಬೆಳೆದು ಗಂಡಸಾಗಿದ್ದ, ಮೀಸೆ ಬಂದಿತ್ತು, ಬುದ್ಧಿ ಮಾತ್ರ ನಾಲ್ಕೈದು ವರ್ಷದ ಮಗುವಿನಲ್ಲೇ ನಿಂತಿತ್ತು. ಹೊನ್ನಾವರದ ಡಾಕ್ಟರು ಒಮ್ಮೆ ಕಣ್ಣು ನಾಲಿಗೆ ನೋಡಿ, ಇದಕ್ಕೆ ಮದ್ದಿಲ್ಲ, ಜೋಪಾನ ಮಾಡಿ ಎಂದಿದ್ದರು. ಯಾರು ಜೋಪಾನ ಮಾಡಬೇಕು ಎಂದು ಅವರೇನೂ ಬರೆದುಕೊಡಲಿಲ್ಲ. ಬರೆದುಕೊಡುವ ಅಗತ್ಯವೂ ಇರಲಿಲ್ಲ. ಅಪ್ಪ ಜ್ವರ ಬಂದು ತೀರಿಹೋಗಿದ್ದ, ಅವ್ವಿಗೆ ಗದ್ದೆ ಇತ್ತು, ಉಳಿದವಳು ನಾನು.

ಮಾತು ಅವನಿಗೆ ಹೆಚ್ಚು ಬರುತ್ತಿರಲಿಲ್ಲ. ಏನು ಹೇಳಿದರೂ "ಆತು" ಎನ್ನುವನು. ಉಣ್ಣು ಅಂದರೆ ಆತು, ಹೊಳೆಗೆ ಹೋಗಬೇಡ ಅಂದರೂ ಆತು. ಹಾಗೆ ಹೇಳಿ ಹೊಳೆಗೇ ಹೋಗುತ್ತಿದ್ದ. ಬೆಳಕು ಹರಿಯುವ ಮೊದಲೇ ಅವನಿಗೆ ಎಚ್ಚರವಾಗುತ್ತಿತ್ತು. ಎದ್ದವನೇ ಬಾಗಿಲು ತೆಗೆದು ನಡೆಯಲು ಶುರುಮಾಡುವನು. ಎಲ್ಲಿಗೆ, ಎಂತಕ್ಕೆ, ಯಾರಿಗೂ ಗೊತ್ತಿಲ್ಲ. ಅದಕ್ಕೇ ನಾನು ಹದಿಮೂರು ವರ್ಷದವಳಾದಾಗಿನಿಂದ ಅವನ ಸೊಂಟಕ್ಕೊಂದು ಹಗ್ಗ ಕಟ್ಟಿ ಅದರ ಇನ್ನೊಂದು ತುದಿಯನ್ನು ನನ್ನ ಮಣಿಕಟ್ಟಿಗೆ ಸುತ್ತಿಕೊಂಡು ಮಲಗುತ್ತಿದ್ದೆ. ಅವನು ಮಗ್ಗುಲಾದರೆ ನನಗೆ ಎಚ್ಚರ. ಕೆಮ್ಮಿದರೆ ಎಚ್ಚರ. ಹತ್ತು ವರ್ಷ ನಾನು ನಿದ್ದೆ ಮಾಡಿದೆನೆಂದರೆ ಅದು ಕೋಳಿನಿದ್ದೆ. ಸೊಸೈಟಿಯ ಅಕ್ಕಿಗೆ ಸಾಲು ನಿಂತಲ್ಲೇ ತೂಕಡಿಸುತ್ತಿದ್ದೆ. ಗದ್ದೆಯಲ್ಲಿ ಸಸಿ ನೆಡುವಾಗ ಬಗ್ಗಿದವಳು ಹಾಗೇ ಕೆಸರಿಗೆ ಮುಗ್ಗರಿಸಿದ್ದೂ ಉಂಟು. ಹೆಂಗಸರು ನಕ್ಕರು. ನಗಲಿ ಬಿಡಿ, ನಾನಾಗಿದ್ದರೂ ನಗುತ್ತಿದ್ದೆ.

ಹಗಲಿಗೆ ಮಾತ್ರ ಒಂದು ಉಪಾಯವಿತ್ತು. ನಾನೇ ಕೈ ಹಿಡಿದು ಒಂದು ಕಡೆ ಕೂರಿಸಿ, "ಇಲ್ಲೇ ಕೂತ್ಕ, ನಾ ಬತ್ತೆ" ಎಂದರೆ ನಾನು ಮತ್ತೆ ಬರುವ ತನಕ ಅಣ್ಣ ಅಲ್ಲಾಡುತ್ತಿರಲಿಲ್ಲ. ಅವ್ವಿ ಹೇಳಿದರೆ ಕೇಳುತ್ತಿರಲಿಲ್ಲ, ನೆರೆಯವರು ಹೇಳಿದರೂ ಇಲ್ಲ. ನಾನು ಹೇಳಿದರೆ ಕೂರುತ್ತಿದ್ದ. ಒಂದು ಸಲ ಗದ್ದೆಯ ಅಂಚಿನ ಹಾಳಿಯ ಮೇಲೆ ಕೂರಿಸಿ ಮರೆತೇಬಿಟ್ಟಿದ್ದೆ. ಮಳೆ ಹೊಡೆದು ನಾವೆಲ್ಲ ಮನೆಗೆ ಓಡಿ ಬಂದು, ಗಂಜಿ ಬಡಿಸುವಾಗ ನೆನಪಾಗಿ ಹೋದರೆ, ಮೈಯೆಲ್ಲ ನೀರು ಇಳಿಯುತ್ತ ಅಲ್ಲೇ ಕೂತಿದ್ದ.

ನಮ್ಮ ಮನೆ ಹೊನ್ನಾವರದ ಎದುರು, ಶರಾವತಿಯ ತೆಂಕಣ ದಂಡೆಯಲ್ಲಿ. ಆಗ ಸೇತುವೆ ಇರಲಿಲ್ಲ. ಭಟ್ಕಳದಿಂದ ಬಂದ ಬಸ್ಸು ನಮ್ಮ ದಡದಲ್ಲೇ ನಿಲ್ಲುತ್ತಿತ್ತು. ಜನ ತಾರಿಯ ದೋಣಿ ಹತ್ತಿ ಹೊಳೆ ದಾಟಿ, ಆಚೆಯಿಂದ ಬೇರೆ ಬಸ್ಸು ಹಿಡಿದು ಕುಮಟೆಯ ಕಡೆ ಹೋಗುತ್ತಿದ್ದರು. ಸರಕಾರ ಮುಂಬೈಯಿಂದ ಮೈಸೂರಿಗೆ ಬದಲಾಗಿ ಒಂದೆರಡು ವರ್ಷವಾಗಿತ್ತು ಅಷ್ಟೇ. ಅಣ್ಣ ಹಗ್ಗ ಬಿಚ್ಚಿಕೊಂಡು ಹೊರಟ ದಿನ ಎರಡೇ ದಾರಿ: ಒಂದೋ ತೆಂಕಕ್ಕೆ ಭಟ್ಕಳದ ಬಸ್ಸು, ಇಲ್ಲವೋ ಬಡಗಕ್ಕೆ ದೋಣಿ. ಟಿಕೆಟು ಯಾರು ಕೇಳುತ್ತಾರೆ ಮಳ್ಳನ ಹತ್ತಿರ!

ಅವನಿಗೆ ಇಪ್ಪತ್ತು ತುಂಬಿದ ವರ್ಷ ಅವ್ವಿ ಒಂದು ಕೆಲಸ ಮಾಡಿದಳು. ಅಣ್ಣನ ವಾರಗೆಯ ಹುಡುಗರಿಗೆಲ್ಲ ಆಗ ಮದುವೆ. ಅವರ ತಾಯಂದಿರು ಪೆಟ್ಟಿಗೆಯ ಸೀರೆ ಉಟ್ಟು, ತಟ್ಟೆಯಲ್ಲಿ ವೀಳ್ಯದೆಲೆ ಅಡಿಕೆ ಇಟ್ಟುಕೊಂಡು ಮನೆಮನೆಗೆ ಹೋಗಿ ಕರೆ ಹೇಳುತ್ತಿದ್ದರು. ಕೈಯಲ್ಲಿ ವೀಳ್ಯ ತೆಗೆದುಕೊಂಡರೆ ಆತು, ಆ ಮನೆಯವರು ಮದುವೆಗೆ ಬಂದೇ ಬರಬೇಕು, ಕೈಲಾದ ಕೆಲಸ ಮಾಡಲೇಬೇಕು. ಒಂದು ಬೆಳಿಗ್ಗೆ ಅವ್ವಿಯೂ ಇದ್ದೊಂದು ಒಳ್ಳೆ ಸೀರೆ ಉಟ್ಟು, ಅಣ್ಣನಿಗೆ ಮೀಯಿಸಿ, ತಲೆಗೆ ಎಣ್ಣೆ ಹಚ್ಚಿ, ತಟ್ಟೆ ಹಿಡಿದು ಹೊರಟಳು. ಹಿಂದೆ ನಾನು, ಅವನ ಕೈ ಹಿಡಿದುಕೊಂಡು, ನಾಚಿಕೆಯಿಂದ ನೆಲ ನೋಡುತ್ತ.

ಎಲ್ಲರೂ ಮದುವೆ ಕರೆ ಎಂದೇ ತಿಳಿದರು. ತಾರಿಯ ದೋಣಿ ನಡೆಸುವ ಅಂಬಿಗ ಅಣ್ಣನ ಮುಖ ನೋಡಿ, ಅವ್ವಿಯ ಮುಖ ನೋಡಿ, ಹುಡುಗಿ ಯಾವ ಊರಿನವಳು ಎಂದು ಕೇಳಿಯೇಬಿಟ್ಟ. ಅವ್ವಿ ನಗಲಿಲ್ಲ, ಅಳಲೂ ಇಲ್ಲ.

"ಇಂವ ನನ್ನ ಮಗ. ಇವನಿಗೆ ಮದಿ ಅಂತ ಆಗೂದಿಲ್ಲ. ಅದ್ರ ಬದ್ಲು ಇದು. ನಿಮ್ಮ ದಾರಿಗೆ ಬಂದ್ರೆ ಕೂರ್ಸಿ, ಒಂದು ಚೊಂಬು ನೀರು ಕೊಟ್ಟು ಮನೆಗೆ ಕಳ್ಸಿ" ಎಂದು ವೀಳ್ಯ ಮುಂದೆ ಹಿಡಿದಳು.

ಮುಂದೆ ಹಿಡಿದ ವೀಳ್ಯವನ್ನು ಬೇಡ ಎನ್ನುವ ಪದ್ಧತಿ ನಮ್ಮಲ್ಲಿಲ್ಲ. ಅಂಬಿಗ ತೆಗೆದುಕೊಂಡು ಸೊಂಟದ ಸಂಚಿಗೆ ಹಾಕಿಕೊಂಡ. ಹಾಗೆ ಆರು ದಿನ ತಿರುಗಿದೆವು. ಆಚೆ ದಡದ ಚಾದಂಗಡಿ, ಬಸ್ಸಿನ ಕಂಡಕ್ಟರು, ಕರ್ಕಿಯಲ್ಲಿ ಬಯಲಾಟದ ಮೇಳಕ್ಕೆ ಚಂಡೆ ಬಾರಿಸುವವನ ಮನೆ. ಚಂಡೆಯ ಸದ್ದು ಕೇಳಿದರೆ ಅಣ್ಣ ಅಲ್ಲಿ ಹಾಜರು, ಅದಕ್ಕೆ. ತೆಂಕದಲ್ಲಿ ಭಟ್ಕಳದವರೆಗೂ ಹೋದೆವು. ಅಲ್ಲಿನ ಬಟ್ಟೆ ಅಂಗಡಿಯ ನವಾಯತ ಸಾಹೇಬರಿಗೆ ಅವ್ವಿಯ ಕನ್ನಡ ಅರ್ಧ ತಿಳಿಯಿತು, ಅವರ ಮಾತು ಅವ್ವಿಗೆ ಅಷ್ಟೂ ತಿಳಿಯಲಿಲ್ಲ. ಆದರೂ ಅವರು ಎದ್ದು ನಿಂತು ಎರಡೂ ಕೈಯಲ್ಲಿ ವೀಳ್ಯ ತೆಗೆದುಕೊಂಡರು. ಬಡಗಕ್ಕೆ ಧಾರೇಶ್ವರ ಮುಟ್ಟುವಾಗ ಅವ್ವಿಯ ಕಾಲು ಊದಿ ಕಂಬವಾಗಿತ್ತು. ಅಲ್ಲಿಂದಲೇ ತಿರುಗಿದೆವು. ಕುಮಟೆಗೆ ವೀಳ್ಯ ಹೋಗಲಿಲ್ಲ.

ಅವ್ವಿಯ ವೀಳ್ಯ ಕೆಲಸ ಮಾಡಿತು, ಸುಳ್ಳು ಯಾಕೆ ಹೇಳಲಿ. ಅಣ್ಣ ಎಲ್ಲಿ ಹೋದರೂ ಯಾರೋ ಕೂರಿಸಿದರು, ಏನೋ ತಿನ್ನಿಸಿದರು, ಬಸ್ಸಿಗೋ ದೋಣಿಗೋ ಹತ್ತಿಸಿ ಕಳಿಸಿದರು. ಭಟ್ಕಳದ ಸಾಹೇಬರು ಒಂದು ಸಲ ಹೊಸ ಲುಂಗಿಯನ್ನೇ ಉಡಿಸಿ ಕಳಿಸಿದ್ದರು. ಊರೆಲ್ಲ ಅವ್ವಿಯನ್ನು ಹೊಗಳಿದ್ದೇ ಹೊಗಳಿದ್ದು, ತಾಯಿ ಅಂದರೆ ಹೀಗಿರಬೇಕು ಎಂದು. ಇರಬೇಕು. ಆದರೆ ಒಂದು ಮಾತು. ಅಷ್ಟೂ ಜನ ಸೇರಿ ಕೈಯಿಂದ ಕೈಗೆ ದಾಟಿಸಿ ಅವನನ್ನು ಕೊನೆಗೆ ತಂದು ಕೊಡುತ್ತಿದ್ದುದು ನನ್ನ ಕೈಗೆ. ದೋಣಿಯವ ಕೂ ಹಾಕಿದ ಕೂಡಲೆ ಅರೆಯುವ ಕಲ್ಲಿನಿಂದ ಎದ್ದು ಹೋಗಬೇಕಾದವಳು ನಾನು. ಮಿಂದು ಬರುವಾಗಲೂ ಕೂ, ಉಣ್ಣಲು ಕೂತಾಗಲೂ ಕೂ. ದಿನಾ ಸಾಯುವವರಿಗೆ ಅಳುವವರು ಯಾರು ಎನ್ನುತ್ತಾರಲ್ಲ, ಹಾಗಾಗಿತ್ತು ನನ್ನ ಪಾಡು. ಕಳಿಸುವವರು ನೂರು ಜನ, ಇಟ್ಟುಕೊಳ್ಳುವವಳು ಒಬ್ಬಳು.

ನನಗೆ ಇಪ್ಪತ್ತೆರಡಾದಾಗ ಮಂಕಿಯ ಕಡೆಯಿಂದ ಒಂದು ಸಂಬಂಧ ಬಂತು. ಗಂಡಿನ ಕಡೆಯವರು ಚಾ ಕುಡಿದು, ಗದ್ದೆ ನೋಡಿ, ಕಡೆಗೆ ಅಣ್ಣನ ಕಡೆ ಕಣ್ಸನ್ನೆ ಮಾಡಿ, ಇಂವ ಮುಂದೆ ಎಲ್ಲಿರುವವ ಎಂದು ಕೇಳಿದರು. ತಂಗಿ ಇದ್ದಲ್ಲಿ ಎಂದಳು ಅವ್ವಿ. ಅವರು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಏನೋ ಹೇಳಿ ಎದ್ದು ಹೋದರು, ಮತ್ತೆ ಬರಲಿಲ್ಲ. ಗಂಡು ತಪ್ಪಿಹೋದ ಎಂದು ನನಗೆ ದುಃಖವಾಗಲಿಲ್ಲ. ಅವನ ಮುಖವನ್ನು ಸರಿಯಾಗಿ ನೋಡಿರಲೂ ಇಲ್ಲ. ಆದರೆ "ತಂಗಿ ಇದ್ದಲ್ಲಿ" ಎಂಬ ಮಾತು ಎದೆಯಲ್ಲಿ ಕೂತುಬಿಟ್ಟಿತು. ಅಂದರೆ ಇದು ಅವ್ವಿ ಸತ್ತ ಮೇಲೂ ಮುಗಿಯುವುದಲ್ಲ. ಹಗ್ಗದ ಇನ್ನೊಂದು ತುದಿಯಲ್ಲಿ ನಾನು ಮುದುಕಿಯಾಗುತ್ತೇನೆ. ನನಗೆ ಬೇಕಿದ್ದದ್ದು ಗಂಡನೂ ಅಲ್ಲ, ಬಂಗಾರವೂ ಅಲ್ಲ. ಒಂದು ನಿದ್ದೆ ಬೇಕಿತ್ತು, ತುದಿ ಮುಟ್ಟುವ ತನಕ.

ಮುಂದಿನ ವರ್ಷ ಮಳೆಗಾಲ ಕಳೆದ ಮೇಲೆ ನನಗೆ ಜ್ವರ ಬಂತು. ಹದಿನೈದು ದಿನ ಕಾದ ಮೈಯಲ್ಲೇ ಹಗ್ಗ ಕಟ್ಟಿಕೊಂಡು ಮಲಗಿದೆ. ಜ್ವರ ಬಿಟ್ಟ ಮೇಲೆ ಅವ್ವಿ, ಈರುಳ್ಳಿ ಬೀಜ ತರಬೇಕು, ಕುಮಟೆಯ ಕಡೆಯ ಬೀಜ ಒಳ್ಳೆಯದು, ಅಣ್ಣನನ್ನೂ ಕರೆದುಕೊಂಡು ಹೋಗಿ ಬಾ ಎಂದಳು. ಹೊರಟೆ. ಯೋಚನೆ ಮಾಡದೆ ಆಗಿಹೋಯಿತು ಎಂದು ಬರೆದರೆ ಓದುವವರು ಮರುಕಪಟ್ಟಾರು. ಆದರೆ ದೋಣಿ ಹೊಳೆಯ ನಡುವೆ ಇದ್ದಾಗಲೇ ನಾನು ಯೋಚಿಸಿದ್ದೆ. ಕುಮಟೆಯಲ್ಲಿ ಅವನನ್ನು ಬಲ್ಲವರಿಲ್ಲ, ಅಲ್ಲಿ ಯಾರೂ ನಮ್ಮ ವೀಳ್ಯ ಹಿಡಿದಿಲ್ಲ ಎಂದು.

ಬೀಜ ತೆಗೆದುಕೊಂಡೆ. ಮೀನುಪೇಟೆಯ ಹತ್ತಿರ ಒಂದು ಅಶ್ವತ್ಥಕಟ್ಟೆ ಇತ್ತು. ಅವನ ಕೈ ಹಿಡಿದು ಕಟ್ಟೆಯ ಮೇಲೆ ಕೂರಿಸಿದೆ. ನಾಲ್ಕು ಬಾಳೆಹಣ್ಣು ಮಡಿಲಿಗೆ ಹಾಕಿದೆ.

"ಇಲ್ಲೇ ಕೂತ್ಕ. ನಾ ಬತ್ತೆ."

"ಆತು" ಎಂದ, ಹಣ್ಣು ಸುಲಿಯುತ್ತ.

ನಾನು ತಿರುಗಿ ನೋಡದೆ ಬಸ್ಸು ಹತ್ತಿದೆ. ಕಣ್ಣಲ್ಲಿ ನೀರು ಬಂತೋ ಎಂದರೆ ಇಲ್ಲ. ಕೂತಲ್ಲೇ ತೂಕಡಿಸಿದೆ, ಕರ್ಕಿ ದಾಟಿದ್ದೂ ಗೊತ್ತಾಗಲಿಲ್ಲ.

ದೋಣಿಯಲ್ಲಿ ಅಂಬಿಗ, ಅಣ್ಣ ಎಲ್ಲಿ ಎಂದು ಕೇಳಿದ. ಕುಮಟೆಯಲ್ಲಿ ನೆಂಟರ ಮನೆಯಲ್ಲಿ ಉಳಿದ ಎಂದೆ. ಮನೆಗೆ ಬಂದು ಅವ್ವಿಗೆ, ಪೇಟೆಯ ನೂಕಾಟದಲ್ಲಿ ಕೈ ತಪ್ಪಿಹೋಯಿತು, ಹುಡುಕಿದೆ, ಸಿಕ್ಕಲಿಲ್ಲ ಎಂದೆ. ಸುಳ್ಳು ಹೇಳಿ ಅಭ್ಯಾಸ ಇಲ್ಲದವರು ಒಂದೇ ಸುಳ್ಳನ್ನು ಎರಡು ಕಡೆ ಹೇಳುವಷ್ಟು ಜಾಣರಿರುವುದಿಲ್ಲ. ಮರುದಿನ ಬೆಳಿಗ್ಗೆ ಅವ್ವಿ ತಾರಿಯ ಹತ್ತಿರ ಹೋಗಿ ಕೂತಳು. ಅಂಬಿಗ ಅವಳಿಗೆ ಸಮಾಧಾನ ಹೇಳಿದನಂತೆ, ನೆಂಟರ ಮನೆಯಲ್ಲಿ ಇದ್ದಾನಲ್ಲ, ಬರುತ್ತಾನೆ ಬಿಡು ಎಂದು. ಕುಮಟೆಯಲ್ಲಿ ನಮಗೆ ನೆಂಟರೇ ಇರಲಿಲ್ಲ. ಅವ್ವಿ ಮನೆಗೆ ಬಂದು ನನ್ನ ಮುಖ ನೋಡಿದಳು, ಏನೂ ಕೇಳಲಿಲ್ಲ. ಗಂಜಿಗೆ ಮೂರು ಜನದ ಅಕ್ಕಿ ಹಾಕಿದಳು.

ಆ ಎರಡು ದಿನ ನನಗೆ ನಿದ್ದೆ ಬರಬೇಕಿತ್ತಲ್ಲ? ಬರಲಿಲ್ಲ. ಅವನು ಏಳುವ ಹೊತ್ತಿಗೆ ಸರಿಯಾಗಿ ಎಚ್ಚರವಾಗುತ್ತಿತ್ತು, ಕೈ ತಾನಾಗಿ ಹಗ್ಗ ಹುಡುಕುತ್ತಿತ್ತು. ಅವನು ಇನ್ನೂ ಆ ಕಟ್ಟೆಯ ಮೇಲೆ ಕೂತಿರುತ್ತಾನೆ ಎಂದು ನನಗೆ ಗೊತ್ತಿತ್ತು. ನಾನು ಕೂರಿಸಿದ್ದೇನಲ್ಲ. ಬೇರೆ ಯಾರಾದರೂ ಬಿಟ್ಟುಬಂದಿದ್ದರೆ ಎದ್ದು ಎಲ್ಲಾದರೂ ನಡೆದಾನು, ಯಾರದಾದರೂ ಕಣ್ಣಿಗೆ ಬಿದ್ದಾನು ಎಂಬ ಆಸೆ ಇರುತ್ತಿತ್ತು. ಬದುಕಿನಲ್ಲಿ ಕೆಟ್ಟ ಕೆಲಸ ನಾನು ಬೇರೆಯೂ ಮಾಡಿದ್ದೇನೆ. ಇಷ್ಟು ಕೆಟ್ಟದ್ದು ಮಾಡಿಲ್ಲ.

ಮೂರನೆಯ ದಿನ ಮಧ್ಯಾಹ್ನ ಅಂಬಿಗ ಕೂ ಹಾಕಿದ. ಓಡಿದೆವು, ಅವ್ವಿ ಮುಂದೆ, ನಾನು ಹಿಂದೆ. ದೋಣಿಯಲ್ಲಿ ಅಣ್ಣ ಇರಲಿಲ್ಲ. ಸುದ್ದಿ ಮಾತ್ರ ಬಂದಿತ್ತು. ನಮ್ಮ ವೀಳ್ಯ ಹಿಡಿದ ಕಂಡಕ್ಟರು ಎರಡು ದಿನ ರಜೆಯ ಮೇಲಿದ್ದು ಅವತ್ತು ಕುಮಟೆಗೆ ಹೋದಾಗ ಅಣ್ಣನನ್ನು ಕಂಡನಂತೆ. ಬಸ್ಸಿಗೆ ಕರೆದರೆ ಬರಲಿಲ್ಲ. ನಾಲ್ಕು ಜನ ಹಿಡಿದು ಎಳೆದರೆ ಕಟ್ಟೆಯ ಕಲ್ಲನ್ನು ತಬ್ಬಿಕೊಂಡು ಕಿರುಚಿದನಂತೆ. ಅಲ್ಲಿ ಅವನ ಹತ್ತಿರವಿದ್ದ ಒಬ್ಬ ಮೀನು ಮಾರುವ ಹೆಂಗಸು ಎಲ್ಲರನ್ನೂ ದೂರ ಸರಿಸಿ, ಅವನನ್ನು ಎಳೆಯಬೇಡಿ, ಯಾರು ಕೂರಿಸಿದ್ದಾರೋ ಅವರೇ ಬಂದು ಏಳಿಸಲಿ ಎಂದು ಹೇಳಿ ಕಳಿಸಿದ್ದಳು. ಅಷ್ಟನ್ನು ಅಂಬಿಗ ನಮ್ಮ ಮುಂದೆ ಒಪ್ಪಿಸಿದ. ನೆಂಟರ ಮನೆಯ ಮಾತು ಎತ್ತಲಿಲ್ಲ, ದೊಡ್ಡ ಮನುಷ್ಯ.

"ನೀ ಹೋಗು" ಎಂದಳು ಅವ್ವಿ, ನನ್ನ ಮುಖ ನೋಡದೆ.

ಕುಮಟೆಯಲ್ಲಿ ಬಸ್ಸಿನಿಂದ ಇಳಿದು ಆ ಕಟ್ಟೆಯವರೆಗಿನ ದಾರಿ ಎಷ್ಟು ಮಹಾ, ಎರಡು ನಿಮಿಷದ್ದು. ನಡುವೆ ಎರಡು ಸಲ ನಿಂತೆ. ದೂರದಿಂದಲೇ ಕಂಡ. ಬಿಸಿಲು ಬೀಳದ ಹಾಗೆ ಯಾರೋ ತೆಂಗಿನ ಮಡಲಿನ ತಟ್ಟಿಯನ್ನು ಕೊಂಬೆಗೆ ಕಟ್ಟಿದ್ದರು. ಅದರ ಅಡಿಯಲ್ಲಿ ಅಣ್ಣ, ಪಕ್ಕದಲ್ಲಿ ಮೀನಿನ ಬುಟ್ಟಿ, ಬುಟ್ಟಿಯ ಹಿಂದೆ ಅವ್ವಿಯ ವಯಸ್ಸಿನ ಒಬ್ಬಳು ಹೆಂಗಸು. ತದಡಿಯವಳು. ದಿನಾ ಅಘನಾಶಿನಿ ಹೊಳೆ ದಾಟಿ ಕುಮಟೆಗೆ ಬಂದು ಮೀನು ಮಾರಿ ಹೋಗುವವಳು. ಪೇಟೆಯ ಒಳಗಿನ ತನ್ನ ಜಾಗ ಬಿಟ್ಟು, ಎರಡು ದಿನದಿಂದ ಕಟ್ಟೆಯ ಹತ್ತಿರವೇ ಬುಟ್ಟಿ ಇಟ್ಟಿದ್ದಳು, ಮನೆಗೂ ಹೋಗಿರಲಿಲ್ಲ. ಮಗನ ಕೈಯಲ್ಲಿ ಗಂಜಿ, ಮೀನು ತರಿಸಿ ಅವನಿಗೆ ಉಣಿಸಿ, ಅಲ್ಲೇ ಕಟ್ಟೆಯ ಮೇಲೆ ಮಲಗಿದ್ದಳು. ಅವನು ಮರದ ಹಿಂದೆ ಹೋಗಿ ಬಂದು ತಾನಾಗಿ ಮತ್ತೆ ಅಲ್ಲೇ ಕೂರುತ್ತಾನೆ, ತ್ರಾಸಿಲ್ಲ ಎಂದು ಅವಳೇ ಆಮೇಲೆ ಹೇಳಿದ್ದು.

ನನ್ನನ್ನು ಕಂಡು ಅಣ್ಣ ನಗಲೂ ಇಲ್ಲ, ಸಿಟ್ಟು ಮಾಡಲೂ ಇಲ್ಲ. ಬತ್ತೆ ಎಂದಿದ್ದೆ, ಬಂದಿದ್ದೆ, ಅವನ ಲೆಕ್ಕದಲ್ಲಿ ಅಷ್ಟೇ. ಏಳಲು ಕೈ ಚಾಚಿದ.

ಸುತ್ತ ಏಳೆಂಟು ಮೀನುಗಾರ ಹೆಂಗಸರು ಬಂದು ನಿಂತರು. ಬೈಗುಳವೋ ಪೆಟ್ಟೋ ಬೀಳಲಿ ಎಂದು ನಿಂತೆ. ಮೀನುಪೇಟೆಯ ಹೆಂಗಸರ ಬಾಯಿ ಗೊತ್ತಲ್ಲ! ನಿಜ ಹೇಳಬೇಕೆಂದರೆ ಬೈಗುಳ ಬಿದ್ದಿದ್ದರೆ ನನಗೂ ಹಗುರವಾಗುತ್ತಿತ್ತು. ತದಡಿಯವಳು ಬುಟ್ಟಿ ಸರಿಸಿ ಎದ್ದು, ನನ್ನ ಗಲ್ಲ ಹಿಡಿದು ಮುಖವನ್ನು ಬಿಸಿಲಿಗೆ ತಿರುಗಿಸಿ ನೋಡಿದಳು. ಜ್ವರದಲ್ಲಿ ಕಣ್ಣು ಗುಳಿಬಿದ್ದಿತ್ತು, ಮಣಿಕಟ್ಟಿನಲ್ಲಿ ಹಗ್ಗದ ಕಪ್ಪು ಕಲೆ. ಅದನ್ನೂ ನೋಡಿದಳು.

"ಸಾಕಾಗಿದ್ರೆ ಹೇಳೂಕಾಗ್ತಿರ್ಲಿಲ್ವಾ ತಂಗಿ?" ಎಂದಳು. "ನಾಲ್ಕು ದಿನ ನಾನೇ ಇಟ್ಕಂತಿದ್ದೆ."

ನನಗೆ ಅಳು ಬಂದದ್ದು ಆಗ. ಪೇಟೆಯ ನಡುವೆ ಕಟ್ಟೆಗೆ ಒರಗಿ ಹೋ ಎಂದು ಅತ್ತೆ. ಹತ್ತು ವರ್ಷದಲ್ಲಿ ಒಬ್ಬರೂ ನನ್ನ ಹತ್ತಿರ ಆ ಮಾತು ಆಡಿರಲಿಲ್ಲ. ಆಡಲು ಅವರಿಗೆ ತೋಚಿರಲೂ ಇಲ್ಲ. ಇನ್ನೊಬ್ಬರ ಮಗನನ್ನು ಅವರು ಕೇಳದೆ ನಮ್ಮ ಮನೆಯಲ್ಲಿ ಇಟ್ಟುಕೊಂಡರೆ ಅವನ ಹೆತ್ತವರ ಮನೆಯಲ್ಲಿ ಕೂಳಿಲ್ಲ ಎಂದು ಹೇಳಿದ ಹಾಗೆ, ಅದು ಅವಮಾನ, ಅದಕ್ಕೇ ಎಲ್ಲರೂ ಮರ್ಯಾದೆಯಿಂದ ಕಳಿಸುತ್ತಲೇ ಇದ್ದರು. ಅವ್ವಿಯೂ ವೀಳ್ಯ ಕೊಟ್ಟು ಕೇಳಿದ್ದು ಕಳಿಸಿ ಎಂದು, ಇಟ್ಟುಕೊಳ್ಳಿ ಎಂದಲ್ಲ. ಈ ತದಡಿಯವಳು ನಮ್ಮ ವೀಳ್ಯ ಹಿಡಿದವಳೂ ಅಲ್ಲ, ನಮ್ಮ ಜಾತಿಯವಳೂ ಅಲ್ಲ.

ಅವತ್ತು ಸಂಜೆ ಮನೆಯಲ್ಲಿ ನಾನು ಅವ್ವಿಗೆ ಹೇಳಿಬಿಟ್ಟೆ, ಕೈ ತಪ್ಪಿದ್ದಲ್ಲ, ನಾನೇ ಬಿಟ್ಟುಬಂದದ್ದು ಎಂದು. ಅವಳು ಬಸಳೆ ಸೋಸುತ್ತಿದ್ದಳು.

"ಗೊತ್ತಿತ್ತು."

"ಮತ್ತೆ ಎಂತಕ್ಕೆ ಕೇಳ್ಲಿಲ್ಲ?"

"ಕೇಳಿದ್ರೆ ನೀ ಹೇಳ್ತಿದ್ದೆ. ಹೇಳಿದ್ಮೇಲೆ ನಾ ಎಂತ ಮಾಡೂದು?" ಎಂದಳು. ಅವಳ ಕೈಯಲ್ಲಿ ಮಾಡಲು ಏನೂ ಇರಲಿಲ್ಲ, ಪಾಪ. ಆದರೆ ಅಣ್ಣನನ್ನು ನಾಲ್ಕು ದಿನ ತದಡಿಗೆ ಕಳಿಸುತ್ತೇನೆ ಎಂದಾಗ ಮಾತ್ರ ಮಾಡಲು ಬೇಕಾದಷ್ಟು ಸಿಕ್ಕಿತು. ಅವರ ಮನೆಯ ಗಂಜಿ ಉಂಡರೆ ಊರು ಎಂತ ಹೇಳೀತು ಎಂದು ಶುರುಮಾಡಿದಳು. ಎರಡು ದಿನ ಉಂಡಾಗಿದೆ, ಅವನೇನು ಕರಗಿಹೋದನಾ ಎಂದೆ. ಹೆತ್ತ ಮಗನನ್ನು ಬೇರೆಯವರ ಬಾಗಿಲಿಗೆ ಹಾಕುವುದಾ ಎಂದಳು. ಹೆತ್ತ ಮಗಳೂ ಒಬ್ಬಳು ಇದ್ದಾಳೆ ಎಂದೆ. ನಾನು ಹಾಗೆಲ್ಲ ಎದುರು ಮಾತಾಡಿದವಳಲ್ಲ. ಅವ್ವಿ ಎಂಟು ದಿನ ನನ್ನ ಹತ್ತಿರ ಮಾತು ಬಿಟ್ಟಳು. ಒಂಬತ್ತನೆಯ ದಿನ ತಾನೇ ಅವನ ಬಟ್ಟೆ ಒಗೆದು ಗಂಟು ಕಟ್ಟಿದಳು.

ಕುಮಟೆಯಿಂದ ಅಘನಾಶಿನಿ ಊರಿಗೆ ಹೋಗಿ, ಅಲ್ಲಿಂದ ದೋಣಿ ಹತ್ತಿ ತದಡಿ ಮುಟ್ಟಿದೆವು. ಅವಳ ಮನೆ ದಂಡೆಯ ಮೇಲೇ ಇತ್ತು. ಅಂಗಳದ ತುಂಬ ಮೀನು ಒಣಗಿಸಿದ್ದರು. ನಾನೇ ಕೈ ಹಿಡಿದು ಅಲ್ಲಿ ಕೂರಿಸಿ, ಇಲ್ಲೇ ಕೂತ್ಕ, ನಾ ಬತ್ತೆ ಎಂದೆ. ಅವನ ಕೈಗೆ ಒಂದು ಕೋಲು ಕೊಟ್ಟು ಅವಳು, ಕಾಗೆ ಓಡಿಸು ಎಂದಳು. ಆತು ಎಂದ. ನಾನು ಮನೆಗೆ ಬಂದವಳು ಮಧ್ಯಾಹ್ನವೇ ಜಗಲಿಯ ಮೇಲೆ ಬಿದ್ದುಕೊಂಡೆ. ಎದ್ದದ್ದು ಮರುದಿನ ಬಿಸಿಲೇರಿದ ಮೇಲೆ. ಅವ್ವಿ ತಲೆಯ ಹತ್ತಿರ ಕೂತು ಅಡಿಕೆಹಾಳೆಯಿಂದ ಗಾಳಿ ಬೀಸುತ್ತಿದ್ದಳು. ನೊಣ ಮುತ್ತುತ್ತಿತ್ತು ಎಂದಳು, ಕೇಳದಿದ್ದರೂ. ಮತ್ತೆ ಮಲಗಿದೆ. ಮೂರು ದಿನ ನಾನು ಉಂಡದ್ದು ಮತ್ತು ಮಲಗಿದ್ದು ಬಿಟ್ಟರೆ ಬೇರೇನೂ ಮಾಡಲಿಲ್ಲ.

ನಾಲ್ಕನೆಯ ದಿನ ಕರೆದುಕೊಂಡು ಬರಲು ಹೊರಟೆ. ಮನಸ್ಸು ಇರಲಿಲ್ಲ. ಅವನ ಮೇಲೆ ಪ್ರೀತಿ ಇರಲಿಲ್ಲ ಎಂದಲ್ಲ. ಹತ್ತು ವರ್ಷದ ದಣಿವು ಮೂರು ದಿನದಲ್ಲಿ ಹೋಗುವುದಿಲ್ಲ, ಅದು ನನಗೂ ಆಗಲೇ ತಿಳಿದದ್ದು. ಅಂಗಳದಲ್ಲಿ ಅಣ್ಣ ಕೋಲು ಹಿಡಿದು ಕೂತಿದ್ದ, ಮುಖ ಬಿಸಿಲಿಗೆ ಕಪ್ಪಾಗಿತ್ತು, ಹೊಟ್ಟೆ ತುಂಬಿದ ಕಳೆ ಇತ್ತು. ನನ್ನನ್ನು ಕಂಡು ಕೋಲು ಬಿಟ್ಟು ಎದ್ದು ಬಂದು ಪಕ್ಕದಲ್ಲಿ ನಿಂತ. ಅವಳು ಒಳಗಿನಿಂದ ನೀರು ತಂದುಕೊಟ್ಟಳು. ನಾನು ಕುಡಿಯುವುದನ್ನೇ ನೋಡುತ್ತ ಕೇಳಿದಳು:

"ಇನ್ನೆರಡು ದಿನ ಬೇಕಾ?"

ಅಣ್ಣ ನನ್ನ ಸೆರಗಿನ ತುದಿ ಹಿಡಿದುಕೊಂಡಿದ್ದ. ಬೇಡ ಎನ್ನಬೇಕಿತ್ತು, ಬಂದದ್ದೇ ಅವನನ್ನು ಕರೆದೊಯ್ಯಲು. ಬಟ್ಟೆಯ ಗಂಟೂ ಬಾಗಿಲಲ್ಲಿ ಸಿದ್ಧವಿತ್ತು, ಅವ್ವಿ ಮೂರು ಜನರ ಗಂಜಿ ಮಾಡಿ ಕಾಯುತ್ತಿದ್ದಳು.

"ಬೇಕು" ಎಂದೆ.

ಅವಳು ಗಂಟು ಎತ್ತಿ ಒಳಗೆ ಇಟ್ಟಳು. ನಾನು ಅವನ ಬೆರಳುಗಳನ್ನು ಒಂದೊಂದಾಗಿ ಸೆರಗಿನಿಂದ ಬಿಡಿಸಿದೆ. ನಾಡಿದ್ದು ಬತ್ತೆ ಎಂದೆ. ಅವನು ಆತು ಎಂದು ಹೇಳಿ, ಹೋಗಿ ಮೀನಿನ ಹತ್ತಿರ ಕೂತ.